ಒಂದೇ ಸ್ವಿಚ್ಚು, ಹತ್ತು ಮನೆ, ಮತ್ತು ಟೆರೇಸಿನ ಬಾಗಿಲು

ರಾತ್ರಿ ಎರಡೂವರೆಗೆ ಬರುವ ಫೋನು ಎರಡೇ ಥರದ್ದು. ಒಂದು ಊರಿನಿಂದ, ಇನ್ನೊಂದು ಡೇಟಾ ಸೆಂಟರಿನಿಂದ. ಊರಿನ ಫೋನಿಗೆ ಎದೆ ಧಸಕ್ ಅನ್ನುತ್ತೆ, ಡೇಟಾ ಸೆಂಟರಿನ ಫೋನಿಗೆ ನಿದ್ದೆ ಮಾತ್ರ ಹಾಳು ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದ ರಾತ್ರಿ ಆ ಲೆಕ್ಕ ತಪ್ಪಾಯಿತು.

"ಸರ್, ನಾ ಬರೇ ಒಂದ ಲೈನ್ ಹಾಕೇನ್ರೀ. ಎಲ್ಲಾ ಬಂದ್ ಆತ್ರೀ. ನನ್ನ ಸೆಷನ್ನೂ ಹೋತ್ರೀ."

ವಿಜಯಪುರದ ಕಡೆಯ ಹುಡುಗ. ಮುಂಬೈಗೆ ಬಂದು ಆಗ ಎರಡು ವರ್ಷ ಆಗಿತ್ತು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಸಂಕೋಚ. ಆಫೀಸಿನಲ್ಲಿ ಎಲ್ಲರ ಮುಂದೆ ಇಂಗ್ಲಿಷು-ಹಿಂದಿ ಆಡುವವನು ಆವತ್ತು ಗಾಬರಿಗೆ ತನ್ನ ಮನೆಯ ಮಾತಿಗೆ ಬಂದುಬಿಟ್ಟಿದ್ದ. ಅದನ್ನು ಕೇಳಿಯೇ ನನಗೆ ಗೊತ್ತಾಯಿತು, ಇದು ಸಣ್ಣ ವಿಷಯ ಅಲ್ಲ ಅಂತ.

ಅವನಿಗೆ ಕೊಟ್ಟಿದ್ದ ಕೆಲಸ ಕೇಳಲಿಕ್ಕೆ ಬಹಳ ಸಣ್ಣದು. ಡೇಟಾ ಸೆಂಟರಿನ ಜೋಡಿ ಸ್ವಿಚ್ಚುಗಳಲ್ಲಿ ಒಂದು ವಿಲ್ಯಾನನ್ನು ಹಳೆಯ ಸಾಮಾನ್ಯ ರೂಟಿಂಗ್ ಟೇಬಲ್ಲಿನಿಂದ ತೆಗೆದು ಒಂದು ಹೊಸ ವಿಆರ್‌ಎಫ್‌ಗೆ ಸೇರಿಸಬೇಕು. ಬೆಳಗಿನ ನಾಲ್ಕರೊಳಗೆ ಮುಗಿಸಬೇಕು. ಸ್ವಿಚ್ಚು ಸಿಸ್ಕೋ ನೆಕ್ಸಸ್. ಹುಡುಗ ಆ ವಿಲ್ಯಾನಿನ ಇಂಟರ್‌ಫೇಸಿಗೆ ಹೋಗಿ 'ವಿಆರ್‌ಎಫ್ ಮೆಂಬರ್' ಅಂತ ಒಂದು ಸಾಲು ಹಾಕಿದ. ಸ್ವಿಚ್ಚು ಒಂದು ಎಚ್ಚರಿಕೆ ತೋರಿಸಿತು: ಈ ಇಂಟರ್‌ಫೇಸಿನ ಲೇಯರ್ 3 ಕಾನ್ಫಿಗರೇಶನ್ ಎಲ್ಲ ಅಳಿಸಿದ್ದೇನೆ ಅಂತ. "ಅಳಿಸಲೇ?" ಅಂತ ಕೇಳುವುದಿಲ್ಲ ನೋಡಿ, ಅಳಿಸಿ ಆದಮೇಲೆ ಹೇಳುತ್ತೆ! ಗೇಟ್‌ವೇ ವಿಳಾಸ ಹೋಯಿತು, ಅದರ ಹಿಂದೆ ಇದ್ದ ಸರ್ವರುಗಳೆಲ್ಲ ಹೊರಜಗತ್ತಿಗೆ ಮಾಯ. ಜೋಡಿ ಸ್ವಿಚ್ಚಿನಲ್ಲಿ ಒಂದಾದರೂ ಉಳಿಯಬೇಕಿತ್ತಲ್ಲ? ಕಾಗದದ ಮೇಲೆ ಇದ್ದದ್ದನ್ನು ಅವನು ಎರಡಕ್ಕೂ ಒಂದೇ ಹೊತ್ತಿಗೆ ಪೇಸ್ಟ್ ಮಾಡಿದ್ದ. ಯಾಕೆಂದರೆ ಕಾಗದದಲ್ಲಿ "ಎರಡಕ್ಕೂ ಹಾಕು" ಅಂತಷ್ಟೇ ಇತ್ತು.

ಮತ್ತೆ ಐಪಿ ವಿಳಾಸ ಹಾಕಿದ್ದರೆ ಒಂದು ನಿಮಿಷದ ಕೆಲಸ. ಆದರೆ ಅವನು ಸ್ವಿಚ್ಚಿಗೆ ಲಾಗಿನ್ ಆಗಿದ್ದ ಮಧ್ಯದ ಸರ್ವರು ಅದೇ ವಿಲ್ಯಾನಿನಲ್ಲಿ ಇತ್ತು. ಕುಳಿತ ಕೊಂಬೆಯನ್ನೇ ಕಡಿದ ಹಾಗಾಯಿತು. ಸ್ವಿಚ್ಚಿನ ಹಿಂದೆ ಮ್ಯಾನೇಜ್‌ಮೆಂಟಿಗೆ ಅಂತಲೇ ಬೇರೆ ಪೋರ್ಟು ಇರುತ್ತೆ. ಅದಕ್ಕೆ ಕೇಬಲ್ಲೇ ಹಾಕಿರಲಿಲ್ಲ. ಕಾನ್ಫಿಗರೇಶನ್ ಸೇವ್ ಆಗಿರಲಿಲ್ಲ, ಹಾಗಾಗಿ ಸ್ವಿಚ್ಚನ್ನು ಆರಿಸಿ ಹಾಕಿದ್ದರೆ ಹಳೆಯದೇ ವಾಪಸ್ ಬರುತ್ತಿತ್ತು. ಆದರೆ ಅದೇ ಸ್ವಿಚ್ಚಿನ ಮೇಲೆ ಇನ್ನೂ ಬೇರೆ ಗ್ರಾಹಕರು ನಡೆಯುತ್ತಿದ್ದರು, ಆರಿಸುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಥಾಣೆಯಿಂದ ಒಬ್ಬ ಬೈಕಿನಲ್ಲಿ ಮಳೆಯಲ್ಲಿ ನೆನೆಯುತ್ತ ಮಹಾಪೆಗೆ ಹೋಗಿ, ಕನ್ಸೋಲ್ ಕೇಬಲ್ ಚುಚ್ಚಿ, ಫೋನಿನಲ್ಲಿ ನಾನು ಹೇಳಿದ ಹಾಗೆ ಸಾಲು ಸಾಲು ಹಾಕಿದ ಮೇಲೆ ಎಲ್ಲ ಎದ್ದಿತು. ಹೆಚ್ಚು ಕಡಿಮೆ ಎರಡು ಗಂಟೆ.

ಮರುದಿನದ ವರದಿಯಲ್ಲಿ ಕಾರಣದ ಕಾಲಮ್ಮಿನಲ್ಲಿ ಎರಡೇ ಪದ ಇತ್ತು: ಮಾನವ ದೋಷ. ಆ ಮಾನವ ಯಾರು ಅಂತ ಎಲ್ಲರಿಗೂ ಗೊತ್ತು. ಆ ವರ್ಷ ಅವನಿಗೆ ಸಂಬಳ ಏರಲಿಲ್ಲ.

ಈ ಬರಹ ಬರೆಯುತ್ತಿರುವುದು ಆ ಎರಡು ಪದದ ವಿರುದ್ಧ.

*

ಮುಂದೆ ಹೋಗುವ ಮೊದಲು, ನೆಟ್‌ವರ್ಕ್ ಕೆಲಸದವರಲ್ಲದ ಓದುಗರಿಗೆ ಈ ವಿಆರ್‌ಎಫ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಮುಂಬೈಯಲ್ಲಿ ಸೊಸೈಟಿಯಲ್ಲಿ ಇರುವವರಿಗೆ ಇದು ಅರ್ಥ ಆಗದೆ ಇರಲು ಸಾಧ್ಯವೇ ಇಲ್ಲ.

ನಮ್ಮ ಸೊಸೈಟಿಯಲ್ಲಿ ಎ ವಿಂಗ್, ಬಿ ವಿಂಗ್ ಅಂತ ಎರಡಿವೆ. ಎರಡರಲ್ಲೂ 301 ನಂಬರಿನ ಮನೆ ಇದೆ. ಎ ವಿಂಗಿನ ಮೆಟ್ಟಿಲು ಹತ್ತಿದವನಿಗೆ 301 ಅಂದರೆ ಒಂದೇ ಮನೆ, ಗೊಂದಲವೇ ಇಲ್ಲ. ಬಿ ವಿಂಗಿನ 301 ಅವನ ಪ್ರಪಂಚದಲ್ಲೇ ಇಲ್ಲ. ಕಟ್ಟಡದ ಜಾಗ ಒಂದು, ನೀರಿನ ಟ್ಯಾಂಕು ಒಂದು, ವಾಚ್‌ಮನ್ ಒಬ್ಬ, ಆದರೆ ಮೆಟ್ಟಿಲು ಬೇರೆ. ವಿಆರ್‌ಎಫ್ ಅಂದರೆ ಇಷ್ಟೇ. ವರ್ಚುವಲ್ ರೂಟಿಂಗ್ ಅಂಡ್ ಫಾರ್ವರ್ಡಿಂಗ್ ಅಂತ ಪೂರ್ತಿ ಹೆಸರು. ಒಂದೇ ಸ್ವಿಚ್ಚಿನೊಳಗೆ ಹಲವು ರೂಟಿಂಗ್ ಟೇಬಲ್ಲು. ಪ್ರತಿ ಲೇಯರ್ 3 ಇಂಟರ್‌ಫೇಸು ಯಾವುದಾದರೂ ಒಂದೇ ಟೇಬಲ್ಲಿಗೆ ಸೇರಿರುತ್ತೆ. ಆ ಇಂಟರ್‌ಫೇಸಿನಿಂದ ಒಳಗೆ ಬಂದ ಪ್ಯಾಕೆಟ್ಟಿಗೆ ದಾರಿ ಹುಡುಕುವುದು ಆ ಒಂದು ಟೇಬಲ್ಲಿನಲ್ಲಿ ಮಾತ್ರ. ಅಲ್ಲಿ ದಾರಿ ಇಲ್ಲ ಅಂದರೆ ಇಲ್ಲ.

ಇದು ಯಾಕೆ ಬೇಕಾಯಿತು? 1996ರಲ್ಲಿ ಆರ್‌ಎಫ್‌ಸಿ 1918 ಬಂದು, ಆಫೀಸಿನೊಳಗೆ ಯಾರು ಬೇಕಾದರೂ ಬಳಸಬಹುದಾದ ಮೂರು ಖಾಸಗಿ ವಿಳಾಸಗಳ ಗುಂಪನ್ನು ಹೇಳಿತು. ಅದರಲ್ಲಿ ದೊಡ್ಡದು 10 ರಿಂದ ಶುರುವಾಗುವ ಗುಂಪು, ಸುಮಾರು 1 ಕೋಟಿ 67 ಲಕ್ಷ ವಿಳಾಸ. ಅಷ್ಟು ಇದ್ದರೂ ಮನುಷ್ಯನ ಸ್ವಭಾವ ನೋಡಿ, ಎಲ್ಲರೂ ಇಟ್ಟುಕೊಳ್ಳುವುದು 10.1.1.0! ಒಂದೇ ಡೇಟಾ ಸೆಂಟರಿನಲ್ಲಿ ಇಬ್ಬರು ಗ್ರಾಹಕರು ಅದೇ ವಿಳಾಸ ಹಿಡಿದುಕೊಂಡು ಬಂದರೆ ಏನು ಮಾಡುವುದು? ದೂರಸಂಪರ್ಕ ಕಂಪನಿಗಳಿಗೆ ಈ ತಲೆನೋವು ಮೊದಲು ಬಂತು. ಎರಿಕ್ ರೋಸೆನ್ ಮತ್ತು ಯಾಕೋವ್ ರೆಕ್‌ಟರ್ 1999ರಲ್ಲಿ ಬರೆದ ಆರ್‌ಎಫ್‌ಸಿ 2547 ಅದಕ್ಕೊಂದು ದಾರಿ ತೋರಿಸಿತು. 2006ರಲ್ಲಿ ಅದು ಪರಿಷ್ಕೃತವಾಗಿ ಆರ್‌ಎಫ್‌ಸಿ 4364 ಆಯಿತು. ಅಲ್ಲಿಂದ ಈ ಆಲೋಚನೆ ಡೇಟಾ ಸೆಂಟರಿಗೆ ಇಳಿದು ಬಂತು.

ಆ ಬರಹದಲ್ಲಿ ಎರಡು ವಿಷಯ ಇವೆ, ಇವತ್ತಿಗೂ ಇಂಟರ್‌ವ್ಯೂನಲ್ಲಿ ಹತ್ತರಲ್ಲಿ ಏಳು ಜನ ಎಡವುವ ಜಾಗ (ಇದು ನನ್ನ ಮೇಜಿನ ಈಚೆ ಕಡೆಯ ಲೆಕ್ಕ). ಒಂದು ರೂಟ್ ಡಿಸ್ಟಿಂಗ್ವಿಷರ್, ಇನ್ನೊಂದು ರೂಟ್ ಟಾರ್ಗೆಟ್. ಮೊದಲನೆಯದು ವಿಂಗಿನ ಅಕ್ಷರದ ಹಾಗೆ. 8 ಬೈಟಿನ ಅದನ್ನು 4 ಬೈಟಿನ ಐಪಿ ವಿಳಾಸದ ಮುಂದೆ ಅಂಟಿಸಿದರೆ 12 ಬೈಟಿನ ಹೊಸ ವಿಳಾಸ. ಎ-301, ಬಿ-301 ಅಂತ ಬೇರೆ ಆಗುತ್ತೆ, ಅಷ್ಟೇ. ಯಾರು ಯಾರ ಮನೆಗೆ ಹೋಗಬಹುದು ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದನ್ನು ತೀರ್ಮಾನಿಸುವುದು ಎರಡನೆಯದು, ರೂಟ್ ಟಾರ್ಗೆಟ್. ಈ ವಿಆರ್‌ಎಫ್‌ನಿಂದ ಹೊರಡುವ ರೂಟಿಗೆ ಯಾವ ಚೀಟಿ ಅಂಟಿಸಬೇಕು, ಯಾವ ಚೀಟಿ ಇರುವ ರೂಟನ್ನು ಒಳಗೆ ಬಿಟ್ಟುಕೊಳ್ಳಬೇಕು ಅನ್ನುವುದು ಅಲ್ಲಿ ಇರುತ್ತೆ. ವಾಚ್‌ಮನ್ ಕೈಯಲ್ಲಿರುವ ಪಟ್ಟಿ ಇದ್ದ ಹಾಗೆ.

ಈಗ ಟೆರೇಸಿನ ಬಾಗಿಲಿಗೆ ಬರೋಣ.

ನಮ್ಮ ಎರಡು ವಿಂಗಿನ ಟೆರೇಸುಗಳ ನಡುವೆ ಒಂದು ಕಬ್ಬಿಣದ ಬಾಗಿಲು ಇದೆ. ಯಾವಾಗಲೂ ಬೀಗ. ಒಂದು ವರ್ಷ ಗಣಪತಿ ಹಬ್ಬಕ್ಕೆ ಪೆಂಡಾಲಿನ ವೈರು ಎಳೆಯಲಿಕ್ಕೆ ಅಂತ ಎರಡು ದಿನಕ್ಕೆ ತೆರೆದರು. ಗಣಪತಿ ಹೋದ, ನವರಾತ್ರಿ ಹೋಯಿತು, ದೀಪಾವಳಿಯೂ ಕಳೆಯಿತು, ಬಾಗಿಲು ತೆರೆದೇ ಇತ್ತು. ಡಿಸೆಂಬರಿನಲ್ಲಿ ಬಿ ವಿಂಗಿನಲ್ಲಿ ಒಂದು ಮನೆಯ ಸೈಕಲ್ ಕಳುವಾದಾಗ ಮೀಟಿಂಗಿನಲ್ಲಿ ಮೊದಲು ಬಂದ ಪ್ರಶ್ನೆ, "ಆ ಬಾಗಿಲು ತೆರೆದವರು ಯಾರು?" ಯಾರಿಗೂ ನೆನಪಿಲ್ಲ. ಬೀಗದ ಕೈ ಯಾರ ಹತ್ತಿರ ಅಂತಲೂ ಗೊತ್ತಿಲ್ಲ. ಕೊನೆಗೆ ವಾಚ್‌ಮನ್‌ನನ್ನು ಬದಲಾಯಿಸಿದರು!

ಹುಡುಗನ ವರದಿ ಮತ್ತು ಈ ವಾಚ್‌ಮನ್ ಕಥೆ ಒಂದೇ ಅಂತ ನಿಮಗೆ ಅನ್ನಿಸಿದರೆ ನನ್ನ ಅರ್ಧ ಕೆಲಸ ಆಯಿತು.

*

ನನ್ನ ವಾದ ಇದು. ವಿಆರ್‌ಎಫ್ ಹಾಕುವುದು ಐದು ಸಾಲಿನ ಕೆಲಸ. ಆದರೆ ಅದು ಆಜ್ಞೆ ಆಗುವ ಮೊದಲು ಒಂದು ತೀರ್ಮಾನ ಆಗಿರಬೇಕು. ಯಾರು ಯಾರಿಂದ ಬೇರೆ ಇರಬೇಕು, ಯಾರು ಯಾರ ಹತ್ತಿರ ಯಾವ ಬಾಗಿಲಿನಿಂದ ಹೋಗಬಹುದು, ಆ ಬಾಗಿಲಿಗೆ ಜವಾಬ್ದಾರಿ ಯಾರು, ಎಲ್ಲಿಯವರೆಗೆ ತೆರೆದಿರಬೇಕು. ಇದನ್ನು ತೀರ್ಮಾನಿಸಬೇಕಾದವರು ಹಗಲು ಹೊತ್ತು ಎಸಿ ಕೋಣೆಯಲ್ಲಿ ಕೂರುವವರು. ಅವರು ತೀರ್ಮಾನಿಸದೆ, ಐದು ಸಾಲನ್ನು ಮಾತ್ರ ರಾತ್ರಿ ಪಾಳಿಯ ಹುಡುಗನ ಕೈಗೆ ಕೊಟ್ಟು, ತಪ್ಪಾದ ಮೇಲೆ 'ಮಾನವ ದೋಷ' ಅಂತ ಬರೆಯುವುದು ನನಗೆ ಒಪ್ಪಿಗೆ ಇಲ್ಲ.

"ಎಚ್ಚರಿಕೆ ಓದದೆ ಇದ್ದದ್ದು ಅವನ ತಪ್ಪಲ್ಲವೇ?" ಅಂತ ನನ್ನ ಗೆಳೆಯರೊಬ್ಬರು ಕೇಳಿದರು. ಸ್ವಲ್ಪ ಹೌದು. ಸಿಸ್ಕೋದವರ ಕೈಪಿಡಿಯಲ್ಲಿ ಇದನ್ನು ಮುಚ್ಚಿಟ್ಟಿಲ್ಲ. ಇಂಟರ್‌ಫೇಸನ್ನು ವಿಆರ್‌ಎಫ್‌ಗೆ ಸೇರಿಸಿದರೆ ಅದರ ಲೇಯರ್ 3 ಕಾನ್ಫಿಗರೇಶನ್ ಎಲ್ಲ ತೆಗೆಯಲಾಗುತ್ತೆ, ಆದ್ದರಿಂದ ಮೊದಲು ಸೇರಿಸಿ, ಆಮೇಲೆ ವಿಳಾಸ ಹಾಕಿ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಸ್ವಿಚ್ಚು ಹಾಗೆ ಮಾಡುವುದರಲ್ಲಿ ಅರ್ಥವೂ ಇದೆ. ಹಳೆಯ ವಿಂಗಿನ 301ರ ಫಲಕವನ್ನು ಹಾಗೇ ಹೊಸ ವಿಂಗಿಗೆ ತಂದು ಹಾಕಿದರೆ, ಅಲ್ಲಿ ಆಗಲೇ 301 ಇದ್ದರೆ? ಹಳೆಯ ಟೇಬಲ್ಲಿನಲ್ಲಿ ನೆಂಟಸ್ತಿಕೆ ಬೆಳೆಸಿದ್ದ ಓಎಸ್‌ಪಿಎಫ್ ಏನಾಗಬೇಕು? ಎಲ್ಲ ಕಳಚಿ ಬರಿಗೈಲಿ ಬಾ ಅನ್ನುವುದು ಸ್ವಿಚ್ಚಿಗೆ ಸುರಕ್ಷಿತ ದಾರಿ. ಜೂನಿಪರ್‌ನ ಜೂನೋಸ್‌ನಲ್ಲಿ ಬೇರೆ ಪದ್ಧತಿ. ಅಲ್ಲಿ ವಿಳಾಸ ಇಂಟರ್‌ಫೇಸಿನ ಕೆಳಗೇ ಬೇರೆಯಾಗಿ ಬರೆದಿರುತ್ತೆ, ರೂಟಿಂಗ್ ಇನ್‌ಸ್ಟನ್ಸ್‌ಗೆ ಸೇರಿಸಿದರೂ ಅದು ಅಳಿಯುವುದಿಲ್ಲ. ಅದೂ ಅಲ್ಲದೆ 'ಕಮಿಟ್ ಕನ್‌ಫರ್ಮ್ಡ್' ಅಂತ ಕೊಟ್ಟರೆ ಹತ್ತು ನಿಮಿಷದೊಳಗೆ ನೀವು ಮತ್ತೆ ಬಂದು ಹ್ಞೂಂ ಅನ್ನದಿದ್ದರೆ ತಾನೇ ಹಳೆಯದಕ್ಕೆ ಮರಳುತ್ತೆ. ನೆಕ್ಸಸ್‌ನಲ್ಲೂ 'ಚೆಕ್‌ಪಾಯಿಂಟ್' ಇಟ್ಟುಕೊಂಡು ಆಮೇಲೆ 'ರೋಲ್‌ಬ್ಯಾಕ್' ಮಾಡಬಹುದು. ಆದರೆ ಅದನ್ನು ಮಾಡಲಿಕ್ಕೆ ಸ್ವಿಚ್ಚಿನ ಒಳಗೆ ಇರಬೇಕಲ್ಲ!

ಅಂದರೆ ಹುಡುಗ ಕಲಿಯಬೇಕಾದ ಪಾಠ ಒಂದು ಸಾಲಿನದು. ಉಳಿದದ್ದೆಲ್ಲ ಅವನಿಗಿಂತ ಮೊದಲೇ ತಪ್ಪಾಗಿತ್ತು. ನೋಡಿ, ನೆಕ್ಸಸ್ ಸ್ವಿಚ್ಚನ್ನು ಪೆಟ್ಟಿಗೆಯಿಂದ ತೆಗೆಯುವಾಗಲೇ ಅದರಲ್ಲಿ ಎರಡು ವಿಆರ್‌ಎಫ್ ಇರುತ್ತೆ. ಒಂದು ಡಿಫಾಲ್ಟ್, ಇನ್ನೊಂದು ಮ್ಯಾನೇಜ್‌ಮೆಂಟ್. ಹಿಂದಿನ ಮ್ಯಾನೇಜ್‌ಮೆಂಟ್ ಪೋರ್ಟು ಹುಟ್ಟಿನಿಂದಲೇ ಎರಡನೆಯದಕ್ಕೆ ಸೇರಿದ್ದು. ಜೋಡಿ ಸ್ವಿಚ್ಚುಗಳು ಒಂದನ್ನೊಂದು ಬದುಕಿದೆಯಾ ಅಂತ ಕೇಳಿಕೊಳ್ಳುವ ವಿಪಿಸಿ ಕೀಪ್‌ಅಲೈವ್ ಕೂಡ ನೀವು ಬೇರೆ ಹೇಳದಿದ್ದರೆ ಆ ದಾರಿಯನ್ನೇ ಹಿಡಿಯುತ್ತೆ. ಇಷ್ಟು ಸ್ಪಷ್ಟವಾಗಿ ತಯಾರಕರೇ "ಸ್ವಿಚ್ಚನ್ನು ನೋಡಿಕೊಳ್ಳುವ ದಾರಿ ಬೇರೆ, ಗ್ರಾಹಕರ ಪ್ಯಾಕೆಟ್ಟಿನ ದಾರಿ ಬೇರೆ" ಅಂತ ಮಾಡಿಕೊಟ್ಟಿದ್ದಾರೆ. ನಮ್ಮವರು ಒಂದು ಪುಟ್ಟ ಸ್ವಿಚ್ಚು, ನಾಲ್ಕು ಕೇಬಲ್ಲು ಉಳಿಸಲಿಕ್ಕೆ ಹೋಗಿ ಆ ದಾರಿಯನ್ನು ಖಾಲಿ ಬಿಟ್ಟಿದ್ದರು. ಆ ಉಳಿತಾಯ ಮಾಡಿದವರ ಹೆಸರು ವರದಿಯಲ್ಲಿ ಇರಲಿಲ್ಲ.

ಇಲ್ಲಿ ಹೊಸಬರಿಗೆ ಒಂದು ಮಾತು. ಮ್ಯಾನೇಜ್‌ಮೆಂಟ್ ದಾರಿ ಬೇರೆ ಇಟ್ಟರೆ ನಿಮ್ಮ ಕೈಬೆರಳಿನ ಅಭ್ಯಾಸ ಬದಲಾಗಬೇಕು. ನೆಕ್ಸಸ್‌ನಲ್ಲಿ ಸುಮ್ಮನೆ 'ಪಿಂಗ್' ಅಂದರೆ ಅದು ಡಿಫಾಲ್ಟ್ ಟೇಬಲ್ಲಿನಲ್ಲಿ ಹುಡುಕುತ್ತೆ. ಕೊನೆಗೆ 'ವಿಆರ್‌ಎಫ್ ಮ್ಯಾನೇಜ್‌ಮೆಂಟ್' ಅಂತ ಸೇರಿಸಬೇಕು. ಇದನ್ನು ಮರೆತು "ಲಿಂಕ್ ಡೌನ್ ಸರ್" ಅಂತ ಓಡಿ ಬಂದವರನ್ನು ನಾನು ಲೆಕ್ಕ ಇಟ್ಟಿಲ್ಲ (ಮೊದಮೊದಲು ನಾನೂ ಓಡಿದ್ದೇನೆ). ಅದೇ ರೀತಿ ಸಮಯ ಕೇಳುವ ಎನ್‌ಟಿಪಿ, ಲಾಗ್ ಕಳಿಸುವ ಸಿಸ್‌ಲಾಗ್, ಪಾಸ್‌ವರ್ಡ್ ಪರೀಕ್ಷಿಸುವ ಟ್ಯಾಕ್ಯಾಕ್ಸ್, ಪ್ರತಿಯೊಂದಕ್ಕೂ 'ಯೂಸ್ ವಿಆರ್‌ಎಫ್' ಅಂತ ದಾರಿ ಹೇಳಬೇಕು. ಒಂದು ಮರೆತರೂ ಎಲ್ಲ ಸರಿಯಾಗಿ ಕಾಣುತ್ತೆ. ಮೂರು ತಿಂಗಳ ನಂತರ ಲಾಗ್ ಬೇಕಾದಾಗ ಲಾಗ್ ಇರುವುದಿಲ್ಲ. ಸ್ಟ್ಯಾಟಿಕ್ ರೂಟು ಹಾಕುವಾಗಲೂ ಅಷ್ಟೇ. ಗ್ರಾಹಕರ ವಿಆರ್‌ಎಫ್ ಕಾಂಟೆಕ್ಸ್ಟ್ ಒಳಗೆ ನಿಂತು ಹಾಕಿದರೆ ಅದು ಅವರ ಟೇಬಲ್ಲಿಗೆ ಹೋಗುತ್ತೆ, ಹೊರಗೆ ನಿಂತು ಹಾಕಿದರೆ ಡಿಫಾಲ್ಟಿಗೆ. ಸ್ವಿಚ್ಚು ಎರಡಕ್ಕೂ ತಲೆ ಅಲ್ಲಾಡಿಸುತ್ತೆ. ಹೆಸರಿನ ವಿಷಯದಲ್ಲೂ ಎಚ್ಚರ. ಇನ್ನೂ ಹುಟ್ಟದ ವಿಆರ್‌ಎಫ್ ಹೆಸರಿಗೆ ಇಂಟರ್‌ಫೇಸನ್ನು ಸೇರಿಸಿದರೆ, ಆ ಹೆಸರಿನ ವಿಆರ್‌ಎಫ್ ಹುಟ್ಟುವವರೆಗೆ ಇಂಟರ್‌ಫೇಸು ಡೌನ್ ಆಗಿಯೇ ಇರುತ್ತೆ. ಒಂದು ಅಕ್ಷರ ತಪ್ಪಿದರೆ ಸಾಕು.

*

ಬೀಳುವ ವಿಆರ್‌ಎಫ್‌ಗಿಂತ ನನಗೆ ಹೆಚ್ಚು ಹೆದರಿಕೆ ಸೋರುವ ವಿಆರ್‌ಎಫ್ ಮೇಲೆ. ಬಿದ್ದರೆ ಎರಡೂವರೆಗೆ ಫೋನ್ ಬರುತ್ತೆ. ಸೋರಿದರೆ ಫೋನೇ ಬರುವುದಿಲ್ಲ.

ಬೇರೆ ಬೇರೆ ಇಟ್ಟ ಮನೆಗಳಿಗೂ ಕೆಲವು ಸಾಮಾನ್ಯ ವಸ್ತು ಬೇಕು. ಡಿಎನ್‌ಎಸ್, ಸಮಯ, ಬ್ಯಾಕಪ್, ನಿಗಾ ವ್ಯವಸ್ಥೆ. ಆದ್ದರಿಂದ ಒಂದು ವಿಆರ್‌ಎಫ್‌ನ ಕೆಲವು ರೂಟುಗಳನ್ನು ಇನ್ನೊಂದಕ್ಕೆ ಬಿಡುವ ವ್ಯವಸ್ಥೆ ಇದೆ. ಅದರ ಹೆಸರೇ ರೂಟ್ ಲೀಕಿಂಗ್, ಸೋರಿಕೆ! ಹೆಸರಿಟ್ಟವರು ಪ್ರಾಮಾಣಿಕರು. ರೂಟ್ ಟಾರ್ಗೆಟ್‌ನಲ್ಲಿ ಇಂಪೋರ್ಟ್ ಅಂತ ಒಂದು ಸಾಲು ಈ ಕಡೆ, ಒಂದು ಸಾಲು ಆ ಕಡೆ. ಹೋದ ಪ್ಯಾಕೆಟ್ಟು ವಾಪಸ್ ಬರಬೇಕಾದ್ದರಿಂದ ಬಾಗಿಲು ಎರಡೂ ಕಡೆಗೆ ತೆರೆಯಲೇಬೇಕು. ಮತ್ತು ಆ ಬಾಗಿಲಿನಲ್ಲಿ ಫೈರ್‌ವಾಲ್ ಇರುವುದಿಲ್ಲ. ಸ್ವಿಚ್ಚು ದಾರಿ ನೋಡುತ್ತೆ, ಕಳಿಸುತ್ತೆ. ಯಾರು, ಯಾಕೆ, ಚೀಲದಲ್ಲಿ ಏನಿದೆ ಅಂತ ಕೇಳುವುದಿಲ್ಲ.

ನಾನು ಒಮ್ಮೆ ಒಂದು ಕಡೆ ಹಳೆಯ ಕಾನ್ಫಿಗರೇಶನ್ ಓದುತ್ತಿದ್ದಾಗ ಪರೀಕ್ಷೆಯ ಸರ್ವರುಗಳ ವಿಆರ್‌ಎಫ್‌ನಿಂದ ನಿಜವಾದ ವ್ಯವಹಾರದ ವಿಆರ್‌ಎಫ್‌ಗೆ ಒಂದು ಇಂಪೋರ್ಟ್ ಸಾಲು ಕಂಡಿತು. ಬಿಟ್ಟದ್ದು ಒಂದು ಸರ್ವರಿನ /32 ಅಲ್ಲ, ಪೂರ್ತಿ 10.0.0.0/8. ಪಕ್ಕದಲ್ಲಿ ಟಿಪ್ಪಣಿ ಇಲ್ಲ. ಕೇಳುತ್ತ ಹೋದೆ. ಮೂರು ವರ್ಷದ ಹಿಂದೆ ಒಂದು ಡೇಟಾ ವರ್ಗಾವಣೆಗೆ "ಎರಡು ದಿನಕ್ಕೆ" ಹಾಕಿದ್ದಂತೆ. ಹಾಕಿದವರು ಹೈದರಾಬಾದಿಗೆ ಹೋಗಿ, ಅಲ್ಲಿಂದ ದುಬೈಗೆ ಹೋಗಿದ್ದರು. "ತೆಗೆದರೆ ಏನಾದರೂ ನಿಂತರೆ?" ಅನ್ನುವ ಒಂದು ಪ್ರಶ್ನೆಗೆ ಯಾರಲ್ಲೂ ಉತ್ತರ ಇಲ್ಲದ್ದರಿಂದ ಅದು ಅಲ್ಲೇ ಇತ್ತು. ಗಣಪತಿ ಹಬ್ಬದ ಬಾಗಿಲು.

ಇದು ಬರಿ ಅಚ್ಚುಕಟ್ಟಿನ ಪ್ರಶ್ನೆ ಅಲ್ಲ. ಕಾರ್ಡಿನ ಹಣ ವ್ಯವಹರಿಸುವವರಿಗೆ ಪಿಸಿಐ ಡಿಎಸ್‌ಎಸ್ ಅಂತ ನಿಯಮಾವಳಿ ಇದೆ. ನೆಟ್‌ವರ್ಕನ್ನು ಬೇರ್ಪಡಿಸಲೇಬೇಕು ಅಂತ ಅದು ಹೇಳುವುದಿಲ್ಲ. ಬೇರ್ಪಡಿಸಿದರೆ ತಪಾಸಣೆಯ ವ್ಯಾಪ್ತಿ ಕಡಿಮೆ ಆಗುತ್ತೆ ಅನ್ನುತ್ತೆ. ಹಾಗೆ ಬೇರ್ಪಡಿಸಿದ್ದೇವೆ ಅಂದವರು ಅದು ನಿಜವಾಗಿ ಬೇರೆ ಇದೆಯಾ ಅಂತ ಒಳನುಗ್ಗುವ ಪರೀಕ್ಷೆ ಮಾಡಿ ತೋರಿಸಬೇಕು. ವರ್ಷಕ್ಕೊಮ್ಮೆಯಾದರೂ, ಬೇರೆಯವರಿಗೆ ಸೇವೆ ಕೊಡುವ ಕಂಪನಿಯಾದರೆ ಆರು ತಿಂಗಳಿಗೊಮ್ಮೆ. ಆ ನಿಯಮ ಮಾಡಿದವರಿಗೆ ಟೆರೇಸಿನ ಬಾಗಿಲಿನ ಅನುಭವ ಇದ್ದಿರಲೇಬೇಕು! ನಿಮ್ಮ ನನ್ನ ಕಾರ್ಡಿನ ನಂಬರು ಇರುವ ಸರ್ವರಿಗೂ, ಯಾರೋ ಹೊಸ ಹುಡುಗ ಆಟ ಆಡಿ ಕಲಿಯುವ ಪರೀಕ್ಷಾ ಸರ್ವರಿಗೂ ನಡುವೆ ಇರುವುದು ಕೆಲವೊಮ್ಮೆ ಇದೊಂದೇ ಸಾಲು.

*

ಈಗ ಎದುರು ವಾದಗಳು. ಮೊದಲನೆಯದು, "ಇಷ್ಟೆಲ್ಲ ಯಾಕೆ, ಒಂದೇ ಟೇಬಲ್ಲಿನಲ್ಲಿ ಇಟ್ಟು ಆಕ್ಸೆಸ್ ಲಿಸ್ಟ್ ಹಾಕಿದರೆ ಸಾಲದೇ?" ಸಣ್ಣ ಆಫೀಸಿಗೆ ಸಾಕು. ಆದರೆ ಎರಡಕ್ಕೂ ವ್ಯತ್ಯಾಸ ಇದೆ. ಆಕ್ಸೆಸ್ ಲಿಸ್ಟಿನಲ್ಲಿ ದಾರಿ ಆಗಲೇ ಇದೆ, ನೀವು ಅಡ್ಡ ನಿಂತಿದ್ದೀರಿ. ಹೊಸ ಇಂಟರ್‌ಫೇಸಿಗೆ ಆ ಲಿಸ್ಟ್ ಹಾಕಲು ಮರೆತರೆ ದಾರಿ ತೆರೆದೇ ಇರುತ್ತೆ. ವಿಆರ್‌ಎಫ್‌ನಲ್ಲಿ ದಾರಿಯೇ ಇಲ್ಲ, ಬೇಕಾದರೆ ನೀವು ಮಾಡಬೇಕು. ಮರೆವು ಎರಡರಲ್ಲೂ ಆಗುತ್ತೆ. ಆಕ್ಸೆಸ್ ಲಿಸ್ಟಿನಲ್ಲಿ ಮರೆತರೆ ಅಪಾಯ, ವಿಆರ್‌ಎಫ್‌ನಲ್ಲಿ ಮರೆತರೆ ಒಂದು ದೂರು. ನಾನು ದೂರನ್ನು ಆರಿಸಿಕೊಳ್ಳುತ್ತೇನೆ.

ಎರಡನೆಯದು, "ಹಾಗಾದರೆ ಪ್ರತಿ ಅಪ್ಲಿಕೇಶನ್ನಿಗೂ ಒಂದೊಂದು ವಿಆರ್‌ಎಫ್ ಮಾಡೋಣ." ಇದು ಇನ್ನೊಂದು ಅತಿರೇಕ. ಎಂಟು ಮಾಡಿದರೆ ಎಂಟು ಮಂದಿಗೆ ನೆನಪಿರುತ್ತೆ, ಎಂಬತ್ತು ಮಾಡಿದರೆ ಅವುಗಳ ನಡುವಿನ ಸೋರಿಕೆ ಸಾಲುಗಳು ಯಾರಿಗೂ ನೆನಪಿರುವುದಿಲ್ಲ. ಅದೂ ಅಲ್ಲದೆ ಟೇಬಲ್ಲು ಬೇರೆಯಾದರೂ ಸ್ವಿಚ್ಚಿನ ಹೊಟ್ಟೆ ಒಂದೇ. ರೂಟುಗಳನ್ನು ಹಿಡಿದಿಡುವ ಟಿಕ್ಯಾಮ್ ಹಂಚಿಕೊಂಡದ್ದು, ಸಿಪಿಯು ಹಂಚಿಕೊಂಡದ್ದು. ಒಬ್ಬ ಗ್ರಾಹಕ ಮಿತಿ ಇಲ್ಲದೆ ಸಾವಿರಾರು ರೂಟು ಸುರಿದರೆ ಪಕ್ಕದ ಮನೆಯವನಿಗೂ ತೊಂದರೆ. ನೀರಿನ ಟ್ಯಾಂಕು ಒಂದೇ ಅಂತ ಮೊದಲೇ ಹೇಳಿದೆನಲ್ಲ. ಪೂರ್ತಿ ಬೇರೆ ಸಂಸಾರವೇ ಬೇಕು ಅಂದರೆ ನೆಕ್ಸಸ್ 7000 ತಂದ ವಿಡಿಸಿ ಥರದ್ದು ಬೇಕಾಗುತ್ತೆ, ಅಥವಾ ಬೇರೆ ಸ್ವಿಚ್ಚೇ ಬೇಕು.

ಮೂರನೆಯದು ಈಗಿನವರದು. "ಜೀರೋ ಟ್ರಸ್ಟ್ ಬಂದ ಮೇಲೆ ವಿಆರ್‌ಎಫ್ ಹಳೆಯದಾಯಿತು." ಅಮೆರಿಕದ ನಿಸ್ಟ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ 800-207 ದಾಖಲೆ ಹೇಳುವುದು, ಯಾರೋ ಒಳಗಿನ ನೆಟ್‌ವರ್ಕಿನಲ್ಲಿ ಇದ್ದಾರೆ ಅಂದಮಾತ್ರಕ್ಕೆ ನಂಬಬೇಡಿ ಅಂತ. ಒಪ್ಪುತ್ತೇನೆ. ವಿಆರ್‌ಎಫ್ ಗೂಢಲಿಪಿ ಅಲ್ಲ, ಫೈರ್‌ವಾಲ್ ಅಲ್ಲ, ಒಂದೇ ವಿಆರ್‌ಎಫ್ ಒಳಗಿನ ಇಬ್ಬರನ್ನು ಅದು ತಡೆಯುವುದೂ ಇಲ್ಲ. ಮನೆ ಬಾಗಿಲಿಗೆ ಬೀಗ ಹಾಕಬೇಕು. ಹಾಗಂತ ವಿಂಗಿನ ಗೋಡೆ ಒಡೆಯುತ್ತೀರಾ?

ಮತ್ತು ಗೋಡೆ ಈಗ ಒಂದು ಸ್ವಿಚ್ಚಿನದಲ್ಲ. ವಿಲ್ಯಾನಿಗೆ 12 ಬಿಟ್, ಬಳಸಲು ಸಿಗುವುದು 4094. ಅದು ಸಾಲದೆ 2014ರಲ್ಲಿ ಆರ್‌ಎಫ್‌ಸಿ 7348ರಲ್ಲಿ ವಿಎಕ್ಸ್‌ಲ್ಯಾನ್ ಬಂತು, 24 ಬಿಟ್ಟಿನ ಗುರುತು. 2015ರ ಆರ್‌ಎಫ್‌ಸಿ 7432ರ ಇವಿಪಿಎನ್ ಅದಕ್ಕೆ ಜೊತೆಯಾಯಿತು. ಈಗ ಒಂದು ವಿಆರ್‌ಎಫ್‌ಗೆ ಒಂದು ವಿಎನ್‌ಐ ಸಂಖ್ಯೆ ಕೊಟ್ಟು, ಎಲ್ಲ ಲೀಫ್ ಸ್ವಿಚ್ಚುಗಳಲ್ಲೂ ಅದೇ ಸಂಖ್ಯೆ ಇಡುವುದು ರೂಢಿ. ನಲವತ್ತು ಸ್ವಿಚ್ಚಿನಲ್ಲಿ ಒಂದೇ ಗೋಡೆ. ಅದನ್ನು ಕೈಯಿಂದ ಯಾರೂ ಹಾಕುವುದಿಲ್ಲ, ಸ್ಕ್ರಿಪ್ಟ್ ಹಾಕುತ್ತೆ. ಅನುಕೂಲವೇ. ಆದರೆ ತಪ್ಪಾದ ಒಂದು ಇಂಪೋರ್ಟ್ ಸಾಲು ಕೂಡ ಒಂದೇ ನಿಮಿಷದಲ್ಲಿ ನಲವತ್ತು ಕಡೆ ಹೋಗುತ್ತೆ. ಆಗ 'ಮಾನವ ದೋಷ'ದ ಮಾನವ ಯಾರು? ಸ್ಕ್ರಿಪ್ಟ್ ಓಡಿಸಿದ ರಾತ್ರಿ ಪಾಳಿಯವನೇ ಅಂತ ನಾನು ಈಗಲೇ ಬರೆದು ಕೊಡುತ್ತೇನೆ.

*

ದೊಡ್ಡ ದೊಡ್ಡ ಸಾಫ್ಟ್‌ವೇರ್ ಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ನಾನು ಕೇಳುವುದು ಒಂದು ಹಾಳೆ. ಅದರಲ್ಲಿ ಪ್ರತಿ ವಿಆರ್‌ಎಫ್‌ಗೆ ಒಂದು ಸಾಲು: ಹೆಸರು, ಯಾತಕ್ಕೆ ಬೇರೆ ಇಟ್ಟಿದ್ದೇವೆ, ಯಾರದ್ದು. ಅದರ ಕೆಳಗೆ ಪ್ರತಿ ಸೋರಿಕೆಗೆ ಒಂದು ಸಾಲು: ಯಾವುದರಿಂದ ಯಾವುದಕ್ಕೆ, ಯಾವ ವಿಳಾಸಗಳು ಮಾತ್ರ, ಕೇಳಿದವರು ಯಾರು, ಒಪ್ಪಿದವರು ಯಾರು, ಮುಚ್ಚುವ ತಾರೀಖು ಯಾವುದು. ತಾರೀಖು ಇಲ್ಲದ ಸೋರಿಕೆ ಬೇಕಾದರೆ ಅದು ಫೈರ್‌ವಾಲ್ ಮೂಲಕವೇ ಹೋಗಲಿ. ಇನ್ನೊಂದು ನಿಯಮ: ಮ್ಯಾನೇಜ್‌ಮೆಂಟ್ ಪೋರ್ಟಿಗೆ ಕೇಬಲ್ ಇಲ್ಲದ ಸ್ವಿಚ್ಚಿನಲ್ಲಿ ವಿಆರ್‌ಎಫ್ ಬದಲಾವಣೆಗೆ ಯಾರೂ ಸಹಿ ಹಾಕಬಾರದು. ಜೋಡಿಯಲ್ಲಿ ಮೊದಲು ಒಂದಕ್ಕೆ ಹಾಕಿ, ನೋಡಿ, ಆಮೇಲೆ ಇನ್ನೊಂದಕ್ಕೆ. ಮೇಲಿನವರು ಸಹಿ ಹಾಕಿದ್ದರೆ ತಪ್ಪಾದಾಗ ಹೊಣೆಯಲ್ಲಿ ಅವರ ಪಾಲೂ ಇರುತ್ತೆ. ಹಾಳೆ ಬೇಡ ಅನ್ನುವವರು ಸಾಮಾನ್ಯವಾಗಿ ಬೇಡ ಅನ್ನುವುದು ಈ ಕೊನೆಯ ವಿಷಯಕ್ಕೇ.

ಆವತ್ತಿನ ವರದಿಯನ್ನು ತಿದ್ದಿಸಲು ನಾನು ಪ್ರಯತ್ನ ಮಾಡಿದೆ. ಮೀಟಿಂಗಿನಲ್ಲಿ ಕೇಬಲ್ ವಿಷಯ ಎತ್ತಿದೆ. "ಅದು ಬಜೆಟ್ ವಿಷಯ, ಬೇರೆ ಮೀಟಿಂಗಿನಲ್ಲಿ ನೋಡೋಣ" ಅಂದರು. ಆ ಬೇರೆ ಮೀಟಿಂಗ್ ನಡೆಯಲಿಲ್ಲ. ಮುಂದಿನ ವರ್ಷ ಹುಡುಗ ಆ ಕಂಪನಿ ಬಿಟ್ಟು ಪುಣೆಗೆ ಹೋದ. ನಾನು ಜೋರಾಗಿ ಇನ್ನೊಮ್ಮೆ ಮಾತಾಡಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ. ಸಂಬಳದ ಪತ್ರ ಅವನ ಕೈಗೆ ಬಂದ ದಿನ ಅವನು ನನ್ನ ಹತ್ತಿರ ಏನೂ ಕೇಳಲಿಲ್ಲ, ಅದಕ್ಕೇ ಹೆಚ್ಚು ಅನ್ನಿಸುತ್ತೆ.

ಹೋದ ತಿಂಗಳು ಫೋನ್ ಮಾಡಿದ್ದ, ಹಗಲು ಹೊತ್ತಿನಲ್ಲಿ. ಈಗ ಅವನ ಕೈಕೆಳಗೆ ನಾಲ್ಕು ಜನ ಇದ್ದಾರಂತೆ. ಹೊಸ ಹುಡುಗಿಯೊಬ್ಬಳು ವಿಆರ್‌ಎಫ್ ಬದಲಾವಣೆಗೆ ಸಾಲುಗಳನ್ನು ಬರೆದು ತಂದಿದ್ದಳಂತೆ, ತಪ್ಪಿಲ್ಲದೆ.

"ನೀವೇನಂದ್ರಿ?" ಅಂತ ಕೇಳಿದೆ.

"ಸಾಲು ಬರೋಬ್ಬರಿ ಅದಾವ ಅಂದೆರೀ. ಮೊದಲ ಹಿಂದ್ ಹೋಗಿ ಕೇಬಲ್ ಅದ ಏನ್ ನೋಡಿ ಬಾ ಅಂದೆ. ಆಮ್ಯಾಲೆ ನಾ ಸಹಿ ಹಾಕಿದೆ, ನನ್ನ ಹೆಸರ ಬರದು."